ಎರಡು ಬೊಕ್ಕಸ, ಒಬ್ಬ ರೋಗಿ

1965ರ ಜುಲೈ 30ರಂದು ಅಮೆರಿಕ ಸಂಯುಕ್ತ ಸಂಸ್ಥಾನದ ಅಧ್ಯಕ್ಷ ಲಿಂಡನ್ ಜಾನ್ಸನ್ನರು ಮಿಸೌರಿ ರಾಜ್ಯದ ಇಂಡಿಪೆಂಡೆನ್ಸ್ ನಗರಕ್ಕೆ ತೆರಳಿ, ಸರ್ವಜನ ಆರೋಗ್ಯ ವಿಮೆಯನ್ನು 1945ರಲ್ಲಿಯೇ ಸೂಚಿಸಿ ವಿಫಲರಾಗಿದ್ದ ಟ್ರೂಮನ್ನರ ಸಮ್ಮುಖದಲ್ಲಿ ಒಂದು ಶಾಸನಕ್ಕೆ ಅಂಕಿತ ಹಾಕಿದರು. ಆ ಒಂದೇ ಶಾಸನದಿಂದ ಅವಳಿ ಯೋಜನೆಗಳು ಜನಿಸಿದವು: ವೃದ್ಧರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್. ಮೊದಲನೆಯದು ಕೇಂದ್ರ ಸರ್ಕಾರದ ಹೊಣೆ. ಎರಡನೆಯದರ ವೆಚ್ಚವನ್ನು ಕೇಂದ್ರವೂ ರಾಜ್ಯಗಳೂ ಹಂಚಿಕೊಳ್ಳುತ್ತವೆ, ಆಡಳಿತ ರಾಜ್ಯಗಳದು.

ಆದರೆ ಮುಪ್ಪು, ಬಡತನಗಳೆರಡೂ ಒಬ್ಬನಲ್ಲಿಯೇ ಕೂಡಿದರೆ? ಅಂಗವಿಕಲರನ್ನೂ ಸೇರಿಸಿ, ಇಂದು ಎರಡೂ ಯೋಜನೆಗಳಿಗೆ ಸೇರಿದವರು 1.2 ಕೋಟಿಗೂ ಮಿಕ್ಕಿದ್ದಾರೆ.

ಮೇಲುನೋಟಕ್ಕೆ ಇವರು ಭಾಗ್ಯವಂತರು. ಆಸ್ಪತ್ರೆ, ವೈದ್ಯರ ವೆಚ್ಚವನ್ನು ಮೊದಲು ಮೆಡಿಕೇರ್ ತೆರುತ್ತದೆ. ಉಳಿದುದಕ್ಕೆ ಮೆಡಿಕೇಡ್ ನಿಲ್ಲುತ್ತದೆ. ಔಷಧದ ಹೊಣೆ 2006ರಿಂದ ಮೆಡಿಕೇರಿನದು. ವರ್ಷಾನುಗಟ್ಟಲೆ ಶುಶ್ರೂಷಾಗೃಹದಲ್ಲಿ ಇರಬೇಕಾದವರ ಭಾರ ಮಾತ್ರ ಮೆಡಿಕೇಡಿನ ಮೇಲೆ.

ತೊಡಕಿರುವುದು ಇಲ್ಲಿಯೇ. ಒಬ್ಬ ಮುದುಕಿ ಬಿದ್ದು ಸೊಂಟ ಮುರಿದುಕೊಳ್ಳದಂತೆ ಮನೆಯಲ್ಲಿಯೇ ಸಹಾಯಕಿಯನ್ನು ಒದಗಿಸಲು ರಾಜ್ಯವು ಹಣ ವ್ಯಯಿಸಿತೆನ್ನೋಣ. ಆಸ್ಪತ್ರೆಯ ಖರ್ಚು ಉಳಿಯಿತು ನಿಜ. ಆದರೆ ಉಳಿದದ್ದು ಕೇಂದ್ರದ ಬೊಕ್ಕಸದಲ್ಲಿ. ಬಿತ್ತುವವನೊಬ್ಬ, ಕೊಯ್ಯುವವನು ಮತ್ತೊಬ್ಬ! ಹೀಗಿರುವಾಗ ಬಿತ್ತುವ ಉತ್ಸಾಹವೆಲ್ಲಿಂದ ಬಂದೀತು? ಇತ್ತ ಆಸ್ಪತ್ರೆಯು ರೋಗಿಯನ್ನು ಬೇಗನೆ ಹೊರಕಳುಹಿಸಿದರೆ ಆರೈಕೆಯ ಹೊರೆ ರಾಜ್ಯದ ಹೆಗಲಿಗೆ ಜಾರುತ್ತದೆ. ಅಷ್ಟೇ ಅಲ್ಲ. ರೋಗಿಯ ಪಾಲಿನ ಹಣವನ್ನು ರಾಜ್ಯಗಳು ಪೂರ್ತಿ ತೆರಬೇಕಾಗಿಲ್ಲವೆಂದು 1997ರ ಶಾಸನವು ಅನುಮತಿಯಿತ್ತಿತು. ಕಡುಬಡವರಿಂದ ಆ ಹಣವನ್ನು ಕೇಳುವಂತೆಯೂ ಇಲ್ಲ. ಆದಕಾರಣ ಇಂಥವರನ್ನು ಸ್ವೀಕರಿಸಲು ಹಿಂಜರಿಯುವ ವೈದ್ಯರೂ ಉಂಟು. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆ ನಮ್ಮದಾದರೂ ಅನುಭವ ಅಲ್ಲಿಯದೂ ಹೌದು.

ಪರಿಹಾರ ಕಾಣದ ವಿಷಯವಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಚೀನೀಯರ ಕೇರಿಯಲ್ಲಿ 1970ರ ದಶಕದಲ್ಲಿ ತಲೆಯೆತ್ತಿದ ಆನ್ ಲೋಕ್ ಸಂಸ್ಥೆಯು ಎರಡೂ ಯೋಜನೆಗಳ ಹಣವನ್ನು ಒಂದೇ ಗಂಟಾಗಿ ಪಡೆದು, ವೈದ್ಯ, ದಾದಿ, ವಾಹನ, ಊಟ ಎಲ್ಲವನ್ನೂ ಒಂದೇ ತಂಡದಿಂದ ಒದಗಿಸುವ ದಾರಿಯನ್ನು ತೋರಿತು. 1997ರಲ್ಲಿ ಆ ಮಾದರಿಗೆ ಶಾಸನದ ಶಾಶ್ವತ ಮನ್ನಣೆಯೂ ದೊರೆಯಿತು. ಎರಡು ಯೋಜನೆಗಳನ್ನು ಹೊಂದಿಸಲೆಂದೇ 2010ರ ಕಾಯಿದೆಯು ಪ್ರತ್ಯೇಕ ಕಚೇರಿಯನ್ನು ನಿರ್ಮಿಸಿತು. ಆದರೂ ಆ ಮಾದರಿಯ ಆಶ್ರಯ ಪಡೆದವರು ಅತ್ಯಲ್ಪ ಮಂದಿ. ಬಹುಜನರ ಪಾಲಿಗೆ ಬಾಗಿಲುಗಳು ಇಂದಿಗೂ ಎರಡು, ಪತ್ರವ್ಯವಹಾರವೂ ಎರಡು.

ಯೋಜನೆಗಳ ಸಂಖ್ಯೆಯಿಂದ ಜನಹಿತವನ್ನು ಅಳೆಯುವ ಸರ್ಕಾರಗಳೆಲ್ಲ ಇದನ್ನು ಮನಗಾಣಬೇಕು. ಲೆಕ್ಕದ ಪುಸ್ತಕಗಳು ಎರಡಿರಬಹುದು. ನೋಯುವ ದೇಹ ಒಂದೇ. ಉಳಿತಾಯ ಯಾರದೆಂಬ ಪ್ರಶ್ನೆ ಇತ್ಯರ್ಥವಾಗುವವರೆಗೆ ಆರೈಕೆ ಯಾರದೆಂಬ ಪ್ರಶ್ನೆಯೂ ಇತ್ಯರ್ಥವಾಗದು.