65 ಇಂಚಿನ ಟೀವಿ ತಗೋಬೇಕಾ? ಮೊದಲು ಮಂಚ ಸರಿಸಿ ನೋಡಿ

ದೀಪಾವಳಿ ರಜೆಗೆ ನಲ್ಲೂರಿಗೆ ಹೋಗಿದ್ದೆ. ಬ್ಯಾಗ್ ಇಳಿಸೋ ಮೊದಲೇ ಅಪ್ಪ ಫೋನ್ ಕೈಗೆ ಕೊಟ್ಟು, "ಏನ್ಲಾ, ಇದು ತಗೋಬೌದಾ? ಎಲೆಕ್ಟ್ರಾನಿಕ್ಸೇ ಅಲ್ವೇನ್ಲಾ ನೀನು ಓದ್ತಿರೋದು?" ಅಂದರು. ನೋಡಿದರೆ 65 ಇಂಚಿನ 4ಕೆ ಟೀವಿ. ಎಂಆರ್‌ಪಿ 89,990 ರೂಪಾಯಿ, ಅದರ ಮೇಲೆ ಒಂದು ಗೆರೆ. ಪಕ್ಕದಲ್ಲಿ ದಪ್ಪಕ್ಷರದಲ್ಲಿ 42,990. ಶೇ. 52ರಷ್ಟು ರಿಯಾಯಿತಿ, ಇನ್ನು ಎರಡೇ ದಿನ.

ಐದು ಸೆಮಿಸ್ಟರ್ ಓದಿದ್ದಕ್ಕೆ ಮನೆಯವರು ಕೇಳಿದ ಮೊದಲ ಟೆಕ್ನಿಕಲ್ ಪ್ರಶ್ನೆ ಇದು. ಇಂಟರ್ನಲ್ಸ್‌ನಲ್ಲಿ ಹತ್ತು ಮಾರ್ಕಿನ ಪ್ರಶ್ನೆಗೂ ನಾನು ಇಷ್ಟು ಹೆದರಿರಲಿಲ್ಲ. ಯಾಕಂದ್ರೆ ಅಲ್ಲಿ ತಪ್ಪು ಬರೆದರೆ ಹೋಗೋದು ನನ್ನ ಮಾರ್ಕು. ಇಲ್ಲಿ ಹೋಗೋದು ಅಪ್ಪನ ಹಾಲಿನ ದುಡ್ಡು.

ಇನ್ನೊಂದು ವಿಷಯವೂ ಇತ್ತು. ನಮ್ಮ ಕಡೆಯ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಜಮೀನಿನ ಕಥೆ ಪೇಪರ್ ಓದೋರಿಗೆ ಗೊತ್ತಿರುತ್ತೆ. ಮೂರು ವರ್ಷಕ್ಕೂ ಮೀರಿ ರೈತರು ಧರಣಿ ಕೂತರು. ಕೊನೆಗೆ 2025ರ ಜುಲೈ 15ರಂದು ಸರ್ಕಾರ ಸ್ವಾಧೀನವನ್ನ ಕೈಬಿಡ್ತು. ಆ ಮೂರು ವರ್ಷ ನಮ್ಮ ಮನೇಲಿ ದೊಡ್ಡ ಖರ್ಚು ಅಂತ ಒಂದೂ ಆಗಲಿಲ್ಲ. ನೆಲ ಇರುತ್ತೋ ಹೋಗುತ್ತೋ ಅನ್ನೋ ಹೊತ್ತಲ್ಲಿ ಗೋಡೆಗೆ ಸುಣ್ಣ ಹೊಡೆಸೋಕೂ ಯಾರಿಗೂ ಮನಸ್ಸಿರಲಿಲ್ಲ. ಹಾಗಾಗಿ ಅಪ್ಪ "ತಗೋಬೌದಾ" ಅಂತ ಕೇಳಿದ್ದು ಬರೀ ಟೀವಿ ಬಗ್ಗೆ ಅಲ್ಲ ಅಂತ ನನಗೂ ಗೊತ್ತಿತ್ತು. ಗೊತ್ತಿದ್ದೂ ಕ್ಯಾಲ್ಕುಲೇಟರ್ ತೆಗೆದೆ.

ಟೇಪ್ ಹಿಡಿದು ಅಳೆದಾಗ

ನಮ್ಮ ನಡುಮನೆಯಲ್ಲಿ ಟೀವಿ ಇರೋ ಗೋಡೆಯಿಂದ ಅಜ್ಜಿ ಮಂಚಕ್ಕೆ 11 ಅಡಿ, ಅಂದ್ರೆ ಸುಮಾರು 3.35 ಮೀಟರ್. 6/6 ದೃಷ್ಟಿಯ ಕಣ್ಣು ಸಾಮಾನ್ಯವಾಗಿ ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಕೋನದ ವಿವರವನ್ನ ಬೇರೆಬೇರೆಯಾಗಿ ಗುರುತಿಸುತ್ತೆ. ಅದಕ್ಕಿಂತ ಸಣ್ಣದಾದರೆ ಎರಡು ಚುಕ್ಕಿ ಒಂದೇ ಆಗಿ ಕಾಣುತ್ತೆ. 11 ಅಡಿ ದೂರದಲ್ಲಿ ಆ ಕೋನ ಅಂದ್ರೆ ಹತ್ತಿರ ಹತ್ತಿರ ಒಂದು ಮಿಲಿಮೀಟರ್.

ಈಗ 65 ಇಂಚಿನ ಪರದೆ ನೋಡಿ. ಅಗಲ ಸುಮಾರು 144 ಸೆಂಟಿಮೀಟರ್. ಫುಲ್ ಎಚ್‌ಡಿಯಲ್ಲಿ ಅಡ್ಡಕ್ಕೆ 1920 ಪಿಕ್ಸೆಲ್, ಒಂದೊಂದು 0.75 ಮಿ.ಮೀ. 4ಕೆಯಲ್ಲಿ 3840 ಪಿಕ್ಸೆಲ್, ಒಂದೊಂದು 0.37 ಮಿ.ಮೀ. ನಮ್ಮ ಮಂಚದಿಂದ ಫುಲ್ ಎಚ್‌ಡಿ ಪಿಕ್ಸೆಲ್ಲೇ ಕಣ್ಣಿಗೆ ಬೇರೆಯಾಗಿ ಕಾಣಲ್ಲ ಅಂದಮೇಲೆ, ಅದನ್ನ ನಾಲ್ಕು ತುಂಡು ಮಾಡಿದರೆ ಏನು ಕಂಡೀತು? 65 ಇಂಚಿನಲ್ಲಿ 4ಕೆಯ ಲಾಭ ಶುರುವಾಗೋದೇ ಸುಮಾರು ಎಂಟೂವರೆ ಅಡಿಯ ಒಳಗೆ ಬಂದಾಗ. ಪೂರ್ತಿ ಸಿಗಬೇಕಂದ್ರೆ ನಾಲ್ಕೂಕಾಲು ಅಡಿ ಹತ್ತಿರ ಕೂರಬೇಕು. ಇದೆಲ್ಲ ಅಂದಾಜಿನ ಲೆಕ್ಕ, ಚುರುಕು ಕಣ್ಣಿನವರಿಗೆ ಸ್ವಲ್ಪ ಹೆಚ್ಚು ಕಾಣಬಹುದು. ಆದರೂ ದೂರ ಅಳೆಯದೆ 4ಕೆ ಅಂತ ಕುಣಿಯೋದು ವ್ಯರ್ಥ.

ಇಲ್ಲೊಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಈಗ ಅಂಗಡೀಲಿ 50 ಇಂಚು ದಾಟಿದ ಟೀವಿಗಳೆಲ್ಲ ಹೆಚ್ಚುಕಮ್ಮಿ 4ಕೆನೇ. ಬೇಡ ಅಂದ್ರೂ ಅದೇ ಸಿಗೋದು. ಆದ್ದರಿಂದ 4ಕೆ ಇರೋದು ತಪ್ಪಲ್ಲ. ಅದೊಂದೇ ಕಾರಣಕ್ಕೆ ಸಾವಿರಾರು ರೂಪಾಯಿ ಹೆಚ್ಚು ಕೊಡೋದು ತಪ್ಪು.

ಕೊಳಾಯಿಗೆ ಬರೋ ನೀರು ಎಷ್ಟು?

ಮುಂದಿನ ಪ್ರಶ್ನೆ: ಆ ಪರದೆಯಲ್ಲಿ ನೋಡೋದು ಏನನ್ನ? ಅಮ್ಮ ನೋಡೋದು ಸೀರಿಯಲ್ಲು, ಅಪ್ಪ ವಾರ್ತೆ, ತಂಗಿ ಯೂಟ್ಯೂಬು. ನಮ್ಮ ಡಿಶ್‌ನಲ್ಲಿ ಹಾಕಿಸಿರೋ ಪ್ಯಾಕ್ ಸಾಮಾನ್ಯ ಎಸ್‌ಡಿ. ಎಸ್‌ಡಿ ಚಿತ್ರ ಅಂದ್ರೆ 720 × 576, ಒಟ್ಟು ಸುಮಾರು 4 ಲಕ್ಷ ಪಿಕ್ಸೆಲ್. 4ಕೆ ಪರದೆಯಲ್ಲಿರೋದು ಸುಮಾರು 83 ಲಕ್ಷ. ಅಂದ್ರೆ ಪ್ರತಿ 20 ಪಿಕ್ಸೆಲ್‌ನಲ್ಲಿ ಒಂದು ನಿಜವಾಗಿ ಬಂದಿದ್ದು, ಉಳಿದ 19ನ್ನ ಟೀವಿಯೊಳಗಿನ ಚಿಪ್ಪು ಅಂದಾಜಿನಲ್ಲಿ ತುಂಬಿದ್ದು. ಅಗ್ಗದ ಟೀವಿಯಲ್ಲಿ ಆ ಚಿಪ್ಪೂ ಅಗ್ಗದ್ದೇ. 65 ಇಂಚಿನಲ್ಲಿ ಎಸ್‌ಡಿ ಸೀರಿಯಲ್ ಹಾಕಿದರೆ ನಾಯಕಿ ಮುಖ ನೀರಲ್ಲಿ ಅದ್ದಿದ ಫೋಟೋ ಥರ ಕಾಣುತ್ತೆ. ಅದೇ ಡಿಶ್‌ಗೆ ಎಚ್‌ಡಿ ಪ್ಯಾಕ್ ಹಾಕಿಸಿದರೆ ಸಿಗೋ ವ್ಯತ್ಯಾಸ ಟೀವಿ ಬದಲಾಯಿಸೋದಕ್ಕಿಂತ ದೊಡ್ಡದು.

ಇಂಟರ್ನೆಟ್‌ನಲ್ಲಿ ನೋಡ್ತೀವಿ ಅಂತೀರಾ? 4ಕೆ ವಿಡಿಯೋಗೆ ಸೆಕೆಂಡಿಗೆ 15 ಮೆಗಾಬಿಟ್ ಲೆಕ್ಕ ಇಟ್ಟರೂ ಗಂಟೆಗೆ ಆರೂಮುಕ್ಕಾಲು ಜಿಬಿ ಆಗುತ್ತೆ. ನಮ್ಮನೇಲಿ ಇರೋದು ಅಪ್ಪನ ಫೋನಿನ ಹಾಟ್‌ಸ್ಪಾಟ್, ದಿನಕ್ಕೆ 2 ಜಿಬಿ. 18 ನಿಮಿಷಕ್ಕೆ ಖಾಲಿ. ಟೈಟಲ್ ಕಾರ್ಡ್ ಮುಗಿದು ಮೊದಲ ಹಾಡು ಬರೋ ಹೊತ್ತಿಗೆ ಸುತ್ತೋ ಚಕ್ರ ಶುರು.

"ಎಚ್‌ಡಿಆರ್ ಇದೆ ಅಂತ ಬರ್ದವ್ರೆ" ಅಂದರು ಅಪ್ಪ. ಬಾಕ್ಸ್ ಮೇಲೆ ಹಾಗಿದ್ದರೆ ಆ ಸಿಗ್ನಲ್ಲನ್ನ ಟೀವಿ ಓದಬಲ್ಲದು ಅಂತ ಮಾತ್ರ ಅರ್ಥ. ಅದನ್ನ ತೋರಿಸೋಕೆ ಬೇಕಾದ ಬೆಳಕು ಹಿಂದಿನ ಎಲ್‌ಇಡಿಗಳಲ್ಲಿ ಇದೆಯಾ, ಕಪ್ಪು ಇರೋ ಜಾಗದಲ್ಲಿ ಆ ಬೆಳಕನ್ನ ಬೇರೆಯಾಗಿ ತಗ್ಗಿಸುತ್ತಾ ಅನ್ನೋದು ಬೇರೆ ಮಾತು. ಅಗ್ಗದ ದೊಡ್ಡ ಟೀವಿಗಳಲ್ಲಿ ಮೊದಲು ಕೈಬಿಡೋದೇ ಇದನ್ನ.

ರಿಯಾಯಿತಿಯ ಗೆರೆ

ಇನ್ನು ಆ 52 ಪರ್ಸೆಂಟ್. ಎಂಆರ್‌ಪಿ ಅಂದ್ರೆ ಅದಕ್ಕಿಂತ ಹೆಚ್ಚಿಗೆ ಮಾರಬಾರದು ಅನ್ನೋ ಮಿತಿ. ಆ ಬೆಲೆಗೆ ಯಾರಾದರೂ ಕೊಂಡಿದ್ದಾರೆ ಅಂತ ಅಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಹಬ್ಬದ ಮುಂಚೆ ಇದು ಎಷ್ಟಕ್ಕೆ ಹೋಗ್ತಿತ್ತು?

ನನ್ನ ರೂಮ್‌ಮೇಟ್ ಬೆಲೆ ಟ್ರ್ಯಾಕ್ ಮಾಡೋ ಹುಚ್ಚಿನವನು. ಅವನಿಗೆ ಮೆಸೇಜ್ ಹಾಕಿದೆ. ಅದೇ ಮಾಡೆಲ್ ಆಗಸ್ಟ್‌ನಲ್ಲಿ 45,990 ಇತ್ತು ಗುರು ಅಂದ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟೀವಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. 45,990ನ್ನ 128ರಿಂದ ಭಾಗಿಸಿ 118ರಿಂದ ಗುಣಿಸಿ. ಬರೋದು 42,397. ಅಂದ್ರೆ ತೆರಿಗೆ ಇಳಿದಿದ್ದಕ್ಕೇ ಆ ಬೆಲೆಗೆ ಬರಬೇಕಿತ್ತು. ಹಬ್ಬದ ಮಹಾ ಆಫರ್‌ನಲ್ಲಿ ಅದಕ್ಕಿಂತ 593 ರೂಪಾಯಿ ಜಾಸ್ತಿ! ಸರ್ಕಾರ ಬಿಟ್ಟ ತೆರಿಗೆಯನ್ನೇ ತಮ್ಮ ರಿಯಾಯಿತಿ ಅಂತ ತೋರಿಸಿ, ಅದರಲ್ಲೂ ಒಂಚೂರು ಇಟ್ಕೊಂಡಿದ್ದಾರೆ.

"ನೋ ಕಾಸ್ಟ್ ಇಎಂಐ" ಕಥೆನೂ ಅಷ್ಟೇ. ಶೂನ್ಯ ಬಡ್ಡಿ ಅನ್ನೋದೇ ಇಲ್ಲ, ಅದು ಎಲ್ಲೋ ಒಂದು ಕಡೆ ಅಡಗಿರುತ್ತೆ ಅನ್ನೋ ಅರ್ಥದಲ್ಲಿ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಎಚ್ಚರಿಸಿತ್ತು. ಪ್ರೊಸೆಸಿಂಗ್ ಫೀ ಎಷ್ಟು, ಬಡ್ಡಿ ಮೇಲಿನ ಜಿಎಸ್‌ಟಿ ಎಷ್ಟು, ಪೂರ್ತಿ ಹಣ ಕೊಟ್ಟರೆ ಎಷ್ಟು ಕಮ್ಮಿ ಮಾಡ್ತಾರೆ ಅಂತ ಮೂರು ಪ್ರಶ್ನೆ ಕೇಳಿ. ಉತ್ತರ ತಾನಾಗೇ ಬರುತ್ತೆ.

ಕರೆಂಟ್ ಲೆಕ್ಕವನ್ನೂ ಬಿಡಲಿಲ್ಲ. ನಮ್ಮ ಹಳೇ 32 ಇಂಚಿನ ಟೀವಿ 50 ವಾಟ್, ಹೊಸದು 150. ದಿನಕ್ಕೆ ಐದು ಗಂಟೆ ಅಂದ್ರೆ ತಿಂಗಳಿಗೆ 15 ಯೂನಿಟ್ ಹೆಚ್ಚು. ಗೃಹಜ್ಯೋತಿಯಲ್ಲಿ ನಮಗೆ ಸಿಗೋದು 2022-23ರ ಸರಾಸರಿ ಮತ್ತು ಅದರ ಮೇಲೆ ಶೇ. 10, ಅಂದ್ರೆ 68 ಯೂನಿಟ್. ಈಗ ಬಳಸ್ತಿರೋದು 64. ಹೊಸ ಟೀವಿ ಬಂದರೆ 79. ಮೇಲಿನ 11 ಯೂನಿಟ್‌ಗೆ ದುಡ್ಡು ಕಟ್ಟಬೇಕು, ತಿಂಗಳಿಗೆ 70 ರೂಪಾಯಿ ಆಸುಪಾಸು. ದೊಡ್ಡ ಮೊತ್ತ ಏನಲ್ಲ. ಆದರೆ ಸೊನ್ನೆ ಬಿಲ್ ನೋಡಿ ಅಭ್ಯಾಸ ಆಗಿರೋ ಮನೆಗೆ ಹೇಳದೆ ಇರೋದು ಸರಿಯಲ್ಲ.

ಕೊನೇ ಅಸ್ತ್ರ ರಿಪೇರಿ. ನಮ್ಮ ಚಿಕ್ಕಪ್ಪ ಇಂಥದ್ದೇ ಆಫರ್‌ನಲ್ಲಿ ತಂದ 55 ಇಂಚಿನ ಟೀವಿಗೆ ಹದಿನಾಲ್ಕನೇ ತಿಂಗಳಲ್ಲಿ ಪರದೆ ತುಂಬ ಗೆರೆ ಬಂತು. ವಾರಂಟಿ ಒಂದು ವರ್ಷ. ಪ್ಯಾನೆಲ್ ಬದಲಾಯಿಸೋಕೆ ಹೇಳಿದ ಬೆಲೆ ಹೊಸ ಟೀವಿಗಿಂತ ನಾಲ್ಕು ಸಾವಿರ ಕಮ್ಮಿ ಅಷ್ಟೇ. ಈಗ ಅದು ಅಟ್ಟದ ಮೇಲಿದೆ. ನಮ್ಮೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಆಯ್ತು. ಅಲ್ಲಿನ ಹಳೇ ಮರಗಳು ನೂರಾರು ವರ್ಷ ತಡ್ಕೊಂಡು ನಿಂತಿವೆ. ಟೀವಿ ಅಷ್ಟು ಬಾಳಲಿ ಅನ್ನಲ್ಲ, ಏಳೆಂಟು ವರ್ಷವಾದರೂ ಬಾಳಬೇಡವಾ?

ನಾನು ಕೇಳಿಸಿಕೊಳ್ಳದ ಪ್ರಶ್ನೆ

ಇಷ್ಟೆಲ್ಲ ಹೇಳಿ, ಹಾಳೆ ಮೇಲೆ ಬರೆದೂ ತೋರಿಸಿ, ಗೆದ್ದೆ ಅಂತ ಕೂತೆ. ಅಪ್ಪ ಹಾಳೆ ನೋಡಿದರು. ಆಮೇಲೆ, "ಪಿಕ್ಸೆಲ್ ಗಿಕ್ಸೆಲ್ ನಾನೆಲ್ಲಿ ಕೇಳಿದ್ನಪ್ಪ? ನಿಮ್ಮಜ್ಜಿಗೆ ಕಾಣಕಿಲ್ಲ, ದೊಡ್ಡದಾದ್ರೆ ಕಂಡಾತು ಅಂತ" ಅಂದರು.

ನಾಚಿಕೆ ಆಯ್ತು. ಪಿಕ್ಸೆಲ್ ವೇಸ್ಟ್ ಅಂತ ನಾನು ಸಾಬೀತು ಮಾಡಿದ್ದು ಸರಿಯಾಗೇ ಇತ್ತು. ಆದರೆ ಅದು ಯಾರೂ ಕೇಳದ ಪ್ರಶ್ನೆಗೆ ಉತ್ತರ. ಚಿತ್ರ ಎಷ್ಟು ಸೂಕ್ಷ್ಮವಾಗಿದೆ ಅನ್ನೋದೇ ಬೇರೆ, ಎಷ್ಟು ದೊಡ್ಡದಾಗಿ ಕಾಣುತ್ತೆ ಅನ್ನೋದೇ ಬೇರೆ. ಅಪ್ಪ ಎರಡನೇದನ್ನ ಕೇಳಿದ್ದರು, ನಾನು ಮೊದಲನೇದಕ್ಕೆ ಉತ್ತರ ಕೊಟ್ಟಿದ್ದೆ.

ಹಾಳೆ ತಿರುಗಿಸಿ ಮತ್ತೆ ಲೆಕ್ಕ ಹಾಕಿದೆ. ಕಣ್ಣಿಗೆ ಕಾಣೋ ಗಾತ್ರ ಪರದೆಯ ಅಳತೆಯನ್ನ ದೂರದಿಂದ ಭಾಗಿಸಿದಷ್ಟು. 11 ಅಡಿ ದೂರದ 65 ಇಂಚು, 8 ಅಡಿ ದೂರದ 47 ಇಂಚಿಗೆ ಸಮ. ಮಂಚವನ್ನ ಮೂರಡಿ ಮುಂದೆ ತಂದರೆ 50 ಇಂಚಿನ ಟೀವಿ ಆ 65ಕ್ಕಿಂತ ದೊಡ್ಡದಾಗಿ ಕಾಣುತ್ತೆ. ದೇವನಹಳ್ಳಿ ಅಂಗಡೀಲಿ ಕೇಳಿದರೆ 50 ಇಂಚಿಗೆ 29,500 ಅಂದರು. ಗೋಡೆಯ ಶೋಕೇಸೂ ಒಡೆಯೋದು ಬೇಡ, 13,490 ರೂಪಾಯಿ ಉಳೀತು. ನಾನೂ ಅಪ್ಪನೂ ಸೇರಿ ಅವತ್ತೇ ಮಂಚ ಸರಿಸಿದ್ವಿ.

ಅಜ್ಜಿ ಕೂತು ನೋಡಿದರು. "ಈಗ ಹತ್ರ ಐತೆ. ಆದ್ರೂ ಮಬ್ಬು ಕಣಪ್ಪ" ಅಂದರು.

ಮೂರಡಿ ಹತ್ತಿರ ಬಂದಮೇಲೂ ಮಬ್ಬಾಗೇ ಇದೆ ಅಂದ್ರೆ ಗಾತ್ರ ಸಾಲದೇ ಅಲ್ಲ. ಹಬ್ಬ ಮುಗಿದ ಮೇಲೆ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಬಲಗಣ್ಣಿಗೆ ಪೊರೆ. ಎಷ್ಟು ದಿನದಿಂದ ಹೀಗೆ ಅಂತ ಡಾಕ್ಟರ್ ಕೇಳಿದರೆ ಯಾರ ಹತ್ರಾನೂ ಉತ್ತರ ಇರಲಿಲ್ಲ. ಮನೇಲಿ ಇಷ್ಟು ಜನ ಇದ್ದೂ, ಟೀವಿ ಚಿಕ್ಕದಾಯ್ತು ಅಂತ ಎಲ್ಲರೂ ಅಂದ್ಕೊಂಡಿದ್ವಿ. ಆಪರೇಷನ್ ನವೆಂಬರ್‌ನಲ್ಲಿ ಉಚಿತವಾಗೇ ಆಯ್ತು. 65 ಇಂಚಿನದು ಮನೆಗೆ ಬಂದಿದ್ದರೆ ಇನ್ನೊಂದೆರಡು ವರ್ಷ ಅಜ್ಜಿ ಹೇಗೋ ಸುಧಾರಿಸಿಕೊಂಡು ನೋಡ್ತಿದ್ದರೇನೋ. ನೆನೆದರೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತೆ.

ಹಾಗಾದ್ರೆ ತಗೋಬೇಕಾ?

ನನ್ನ ಅಭಿಪ್ರಾಯ ಇಷ್ಟು. ಡಿಸ್ಕೌಂಟ್ ನೋಡಿ ಟೀವಿ ಆರಿಸಬೇಡಿ. ಮೊದಲು ಟೇಪ್ ತಗೊಂಡು ಕೂರೋ ದೂರ ಅಳೆಯಿರಿ. ಆಮೇಲೆ ಮನೆಗೆ ಬರೋ ಸಿಗ್ನಲ್ ಯಾವುದು ನೋಡಿ. ಎರಡು ತಿಂಗಳ ಹಿಂದಿನ ಬೆಲೆ ಹುಡುಕಿ. ಸರ್ವೀಸ್‌ನವರು ನಿಮ್ಮೂರಿಗೆ ಬರ್ತಾರಾ, ವಾರಂಟಿ ಪ್ಯಾನೆಲ್‌ಗೂ ಇದೆಯಾ ಅಂತ ಬಿಲ್ ಹಾಕಿಸೋ ಮುಂಚೆ ಕೇಳಿ. ಬಿಲ್ ಜೋಪಾನ ಮಾಡಿ. ಮೋಸ ಆಯ್ತು ಅನ್ನಿಸಿದರೆ ಗ್ರಾಹಕರ ಸಹಾಯವಾಣಿ 1915 ಇದೆ. ಗೂಡ್ಸ್ ಆಟೋದಲ್ಲಿ ತರೋದಾದರೆ ಬಾಕ್ಸ್ ನಿಲ್ಲಿಸಿಕೊಂಡೇ ತನ್ನಿ, ಮಲಗಿಸಿದರೆ ಗುಂಡಿಯೊಂದಕ್ಕೇ ಪ್ಯಾನೆಲ್ ಹೋಗಬಹುದು.

ಎಲ್ಲಕ್ಕಿಂತ ಮುಂಚೆ, ಯಾರಿಗೋಸ್ಕರ ತಗೊಳ್ತಿದ್ದೀವಿ ಅಂತ ಕೇಳಿ. ಮನೆಯವರು ನಮ್ಮನ್ನ "ಇಂಜಿನಿಯರ್" ಅಂತ ನಂಬಿ ಏನಾದರೂ ಕೇಳಿದಾಗ ನಾವು ಸ್ಪೆಸಿಫಿಕೇಶನ್ ಓದೋಕೆ ಶುರು ಮಾಡ್ತೀವಿ. ಅದನ್ನ ಓದಲೇಬೇಕು. ಆದರೆ ಮೊದಲು "ಯಾಕಪ್ಪ ಬೇಕು ಇದು?" ಅಂತ ಕೇಳಿದ್ದರೆ ನನಗೆ ಅರ್ಧ ದಿನ ಉಳೀತಿತ್ತು, ಅಪ್ಪನಿಗೆ ನನ್ನ ಭಾಷಣ ತಪ್ಪುತ್ತಿತ್ತು.

ಅಜ್ಜಿ ಈಗ ಅದೇ ಹಳೇ 32 ಇಂಚಿನ ಮುಂದೆ ಕೂತು, ವಾರ್ತೆ ಓದೋರ ಸೀರೆ ನೋಡಿ "ಇಷ್ಟೊಂದು ನೀಲಿ ಇತ್ತಾ ಇದು?" ಅಂತಾರೆ. ಹಾಗಂತ ಟೀವಿ ಬೇಡ ಅಂತ ಅಪ್ಪನಿಗೆ ಹೇಳೋ ಧೈರ್ಯ ನನಗಿಲ್ಲ, ಹೇಳಬೇಕಾಗೂ ಇಲ್ಲ. ನೆಲ ಉಳಿದ ವರ್ಷ ಮನೆಗೆ ಒಂದು ಹೊಸ ವಸ್ತು ಬರಲಿ ಅನ್ನೋ ಆಸೆಗೆ ಯಾವ ಲೆಕ್ಕವೂ ಬೇಕಿಲ್ಲ. ಸಂಕ್ರಾಂತಿಗೆ 50 ಇಂಚಿನದು ಬರುತ್ತೆ. ಡಿಶ್‌ಗೆ ಎಚ್‌ಡಿ ಪ್ಯಾಕ್ ಮಾತ್ರ ನಾನು ಈಗಲೇ ಹಾಕಿಸಿದ್ದೀನಿ.