ಆ ಕಾರನ್ನು ಕೊಂದವರು ಯಾರು?

ಮೊನ್ನೆ ಭಾನುವಾರ ಪುಣೆಯಿಂದ ಮಗ ಫೋನ್ ಮಾಡಿದ್ದ. ಊಟ ಆಯ್ತಾ, ಅಮ್ಮನ ಮಂಡಿನೋವು ಹೇಗಿದೆ ಎಂದೆಲ್ಲ ವಿಚಾರಿಸಿದ ಮೇಲೆ ಮೆಲ್ಲಗೆ ವಿಷಯಕ್ಕೆ ಬಂದ. "ಅಪ್ಪಾ, ಒಂದು 650 ಸಿಸಿ ಬೈಕು ನೋಡಿದ್ದೇನೆ. ಸಾಲದ ಕಾಗದ ನೀವೊಮ್ಮೆ ನೋಡ್ತೀರಾ?" ಇಷ್ಟು ವರ್ಷ ಬ್ಯಾಂಕಿನಲ್ಲಿ ಕುಳಿತು ಊರವರ ಸಾಲದ ಕಾಗದವನ್ನೆಲ್ಲ ನೋಡಿದವನಿಗೆ ಮಗನ ಕಾಗದ ನೋಡುವುದು ಕಷ್ಟವೇ? ಆದರೂ "ನೋಡುವಾ" ಎಂದಷ್ಟೇ ಹೇಳಿ ಫೋನಿಟ್ಟೆ. ರಾತ್ರಿ ನಿದ್ದೆ ಹತ್ತಲಿಲ್ಲ. ನೆನಪಾದದ್ದು ಬೈಕಲ್ಲ, ಒಂದು ಹಳೆಯ ಅಮೆರಿಕನ್ ಕಾರು.

2014ರ ಆಗಸ್ಟ್‌ನಲ್ಲಿ ನಾವಿಬ್ಬರು ಮಿಷಿಗನ್‌ನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆವು. ಡೆಟ್ರಾಯಿಟ್‌ನಿಂದ ಪಾಂಟಿಯಾಕ್ ಎಂಬ ಊರಿನ ಕಡೆ ಹೋಗುವ ವುಡ್‌ವರ್ಡ್ ಅವೆನ್ಯೂ ಎಂಬ ದೊಡ್ಡ ರಸ್ತೆ ಅವರ ಮನೆಗೆ ಹತ್ತಿರ. 1995ರಿಂದ ಅಲ್ಲಿ ಆಗಸ್ಟ್ ತಿಂಗಳ ಮೂರನೇ ಶನಿವಾರ ಹಳೇ ಕಾರುಗಳ ಜಾತ್ರೆ ನಡೆಯುತ್ತದೆ. ಜಾತ್ರೆ ಅಂದರೆ ಜಾತ್ರೆಯೇ ಮಾರಾಯ್ರೆ! ನಮ್ಮ ಕಡೆ ತೇರು ನೋಡಲು ಬಂದವರ ಹಾಗೆ ಜನ ರಸ್ತೆ ಬದಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅರವತ್ತರ ದಶಕದ ಮಸ್ಟಾಂಗ್, ಚಾರ್ಜರ್, ಶೆವೆಲ್ ಕಾರುಗಳು ಸಾಲಾಗಿ ಗುಡುಗುತ್ತಾ ಹೋಗುತ್ತವೆ.

ಭಾವನ ಪಕ್ಕದ ಮನೆಯಲ್ಲಿ ಕಾರು ಕಾರ್ಖಾನೆಯಿಂದ ನಿವೃತ್ತರಾದ ಒಬ್ಬ ಅಜ್ಜ ಇದ್ದರು. ಅವರದು 1966ರ ಪಾಂಟಿಯಾಕ್ ಜಿಟಿಓ. ಒಂದರ ಮೇಲೊಂದು ಕೂರಿಸಿದ ಜೋಡಿ ದೀಪ, ಉದ್ದನೆಯ ಮೂತಿ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೀಲಿ ತಿರುಗಿಸಿದರು. ಆ ಶಬ್ದವನ್ನು ಹೇಗೆ ಹೇಳಲಿ? ಆಟದ ರಂಗಸ್ಥಳದ ಹತ್ತಿರ ಕುಳಿತಾಗ ಚೆಂಡೆಯ ಪೆಟ್ಟು ಕಿವಿಗಿಂತ ಮೊದಲು ಎದೆಗೆ ತಾಗುತ್ತದಲ್ಲ, ಹಾಗೆ. ಸಿಗ್ನಲ್ ಹಸಿರಾಗಿದ್ದೇ ತಡ, ಯಾರೋ ಬೆನ್ನಿನ ಹಿಂದಿನಿಂದ ಅಂಗಿ ಹಿಡಿದು ಎಳೆದ ಹಾಗಾಯಿತು. ನಾನು ಕಾರು ಕಲಿತದ್ದು 1,100 ಸಿಸಿಯೂ ಇಲ್ಲದ ಪ್ರೀಮಿಯರ್ ಪದ್ಮಿನಿಯಲ್ಲಿ. ಈ ಕಾರಿನ ಎಂಜಿನ್ 6.4 ಲೀಟರ್, ಕಂಪನಿಯ ಲೆಕ್ಕದಲ್ಲಿ 335 ಹಾರ್ಸ್ ಪವರ್. ಹತ್ತಿರ ಹತ್ತಿರ ಆರು ಪದ್ಮಿನಿ ಒಂದೇ ಬಾನೆಟ್ಟಿನ ಕೆಳಗೆ!

ಮರುದಿನ ಬೆಳಿಗ್ಗೆ ಖಾಲಿ ಬಿದ್ದಿದ್ದ ಒಂದು ಪಾರ್ಕಿಂಗ್ ಜಾಗದಲ್ಲಿ ಅಜ್ಜ ಕೀಲಿಯನ್ನು ನನ್ನ ಕೈಗೇ ಕೊಟ್ಟರು. ಅಲ್ಲಿ ಸ್ಟೀರಿಂಗ್ ಎಡಕ್ಕೆ. ಗೇರ್ ಹುಡುಕುತ್ತಾ ಹೋದ ನನ್ನ ಎಡಗೈ ಬಾಗಿಲಿಗೆ ಬಡಿಯಿತು, ಅಜ್ಜ ನಕ್ಕರು. ಆಕ್ಸಿಲರೇಟರ್ ಸ್ವಲ್ಪ ಮುಟ್ಟಿದ್ದಷ್ಟೆ, ಕಾರು ನೆಗೆಯಿತು. ಗಾಬರಿಯಾಗಿ ಬ್ರೇಕ್ ಒತ್ತಿದೆ. ನಿಲ್ಲಿಸಲು ಮಾತ್ರ ಅದಕ್ಕೆ ಏನೂ ಅವಸರ ಇದ್ದಂತಿರಲಿಲ್ಲ. ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್, ಸೊಂಟಕ್ಕೆ ಒಂದು ಪಟ್ಟಿ, ಅಷ್ಟೇ ರಕ್ಷಣೆ. ಐದು ನಿಮಿಷ ಓಡಿಸಿ ಇಳಿದಾಗ ಕೈ ನಡುಗುತ್ತಿತ್ತು. ಆದರೆ ಸುಳ್ಳು ಯಾಕೆ ಹೇಳಲಿ, ಮುಖದ ಮೇಲಿನ ನಗು ಮಧ್ಯಾಹ್ನದವರೆಗೂ ಇಳಿಯಲಿಲ್ಲ.

ಈ ಕಾರಿನ ಹುಟ್ಟೇ ಒಂದು ತಮಾಷೆ. ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದು ಎಂದು ಜನರಲ್ ಮೋಟಾರ್ಸ್‌ನ ಕಟ್ಟಪ್ಪಣೆ ಇತ್ತು. ಪಾಂಟಿಯಾಕ್ ವಿಭಾಗದ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಅವರ ತಂಡದವರು 1964ರ ಮಾದರಿಯಲ್ಲಿ 389 ಘನ ಇಂಚಿನ ಎಂಜಿನ್ನನ್ನು "ಇದು ಬೇರೆ ಕಾರಲ್ಲ ಸ್ವಾಮಿ, ಟೆಂಪೆಸ್ಟ್ ಕಾರಿನ ಮೇಲೆ ಬೇಕಾದವರಿಗೆ ಕೊಡುವ ಹೆಚ್ಚುವರಿ ಸಾಮಾನು" ಎಂಬ ಲೆಕ್ಕದಲ್ಲಿ ಒಳಗೆ ತಂದರು. ಆ ಸಾಮಾನಿಗೆ 300 ಡಾಲರ್ ಕೂಡ ಇರಲಿಲ್ಲ. ಸರ್ಕ್ಯುಲರ್ ಮುರಿಯದೆ ಕೆಲಸ ಸಾಧಿಸುವ ಕಲೆ ಬ್ಯಾಂಕಿನವರಿಗೆ ಮಾತ್ರ ಗೊತ್ತು ಎಂದುಕೊಂಡಿದ್ದೆ!

ಆ ವರ್ಷ 32 ಸಾವಿರ, 1966ರಲ್ಲಿ 97 ಸಾವಿರದ ಹತ್ತಿರ ಜಿಟಿಓಗಳು ಮಾರಾಟವಾದವು. ಇದು ಶ್ರೀಮಂತರ ಕಾರಾಗಿರಲಿಲ್ಲ. ಕಾರ್ಖಾನೆಯ ಹುಡುಗರು ಸಂಬಳದ ಆಧಾರದ ಮೇಲೆ ಸಾಲ ಮಾಡಿ ಕೊಂಡರು. ನಮ್ಮ ಅಜ್ಜನೂ 21ನೇ ವಯಸ್ಸಿನಲ್ಲಿ ಇಂಥದ್ದೇ ಒಂದನ್ನು ಕಂತಿನಲ್ಲಿ ಕೊಂಡಿದ್ದರಂತೆ. ಇದೇ ವುಡ್‌ವರ್ಡ್ ರಸ್ತೆಯಲ್ಲಿ ಸಿಗ್ನಲ್‌ನಿಂದ ಸಿಗ್ನಲ್‌ಗೆ ಪಂದ್ಯ ಕಟ್ಟುತ್ತಿದ್ದರಂತೆ.

"ಹಾಗಾದರೆ ಯಾಕೆ ಮಾರಿದಿರಿ?" ಎಂದು ಕೇಳಿದೆ.

"ಇನ್ಷೂರೆನ್ಸ್" ಎಂದರು. ಪ್ರೀಮಿಯಂ ಕಾರಿನ ಕಂತಿಗಿಂತ ಮೇಲೆ ಹೋಯಿತಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಜೊತೆ ಪಂದ್ಯ ಕಟ್ಟುತ್ತಿದ್ದ ಗೆಳೆಯನೊಬ್ಬ 1969ರಲ್ಲಿ ತೀರಿಹೋದದ್ದನ್ನು ಹೇಳಿದರು. ಪ್ರೀಮಿಯಂ ಏರಿದ್ದು ಸುಮ್ಮನೆ ಅಲ್ಲ ಎಂದು ಅವರಿಗೂ ಗೊತ್ತಿತ್ತು.

ಈ ಕಾರುಗಳನ್ನು 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ಹೇರಿದ ತೈಲ ನಿರ್ಬಂಧ ಕೊಂದಿತು ಎಂದು ಎಲ್ಲರೂ ಹೇಳುತ್ತಾರೆ. ಅಂಕಿ ನೋಡುವ ಚಟದವನು ನಾನು, ಒಪ್ಪುವುದಿಲ್ಲ. ಜಿಟಿಓ ಮಾರಾಟ 1969ರಲ್ಲಿ 72 ಸಾವಿರ, 1970ರಲ್ಲಿ 40 ಸಾವಿರ, 1971ರಲ್ಲಿ 10 ಸಾವಿರ ಚಿಲ್ಲರೆ, 1972ರಲ್ಲಿ 6 ಸಾವಿರಕ್ಕೂ ಕಡಿಮೆ. ತೈಲ ನಿರ್ಬಂಧ ಬರುವಾಗ ರೋಗಿ ಆಗಲೇ ಮಂಚ ಹಿಡಿದಾಗಿತ್ತು. 1970ರ ವಾಯುಮಾಲಿನ್ಯ ಕಾನೂನಿನ ಪಾಲು ಇದರಲ್ಲಿದೆ. ಸೀಸ ಕಡಿಮೆಯಿರುವ ಪೆಟ್ರೋಲಿಗೆ ಹೊಂದುವಂತೆ 1971ರಲ್ಲಿ ಎಂಜಿನ್‌ಗಳ ಕಂಪ್ರೆಶನ್ ಇಳಿಸಿದ್ದೂ ಹೌದು. ಆದರೆ ನನ್ನ ಅಭಿಪ್ರಾಯದಲ್ಲಿ ಮೊದಲ ಏಟು ಕೊಟ್ಟದ್ದು ವಿಮೆಯ ಲೆಕ್ಕ. ಹಾರ್ಸ್ ಪವರ್ ಜಾಸ್ತಿ, ಓಡಿಸುವವನ ವಯಸ್ಸು ಕಡಿಮೆ, ಹಾಗಾದರೆ ಪ್ರೀಮಿಯಂ ಹೆಚ್ಚು. ಅಪ್ಪ ಅಮ್ಮ ಬುದ್ಧಿ ಹೇಳಿ ಸೋತ ಜಾಗದಲ್ಲಿ ಒಂದು ರಸೀದಿ ಗೆದ್ದಿತು. 1972ರಲ್ಲಿ ಅಮೆರಿಕದ ರಸ್ತೆಗಳಲ್ಲಿ ಸತ್ತವರು 54 ಸಾವಿರಕ್ಕೂ ಹೆಚ್ಚು. ಆ ಲೆಕ್ಕವನ್ನು ಯಾರಾದರೊಬ್ಬರು ಬರೆದಿಡಲೇಬೇಕಿತ್ತು.

ಈಗ ಆ ಕಾಲ ಬಂಗಾರದ ಹಾಗೆ ಕಾಣುತ್ತದೆ. 'ಬುಲಿಟ್' ಸಿನಿಮಾದಲ್ಲಿ ಸ್ಟೀವ್ ಮೆಕ್ವೀನ್ ಓಡಿಸಿದ ಹಸಿರು ಮಸ್ಟಾಂಗ್ 2020ರಲ್ಲಿ 34 ಲಕ್ಷ ಡಾಲರಿಗೆ ಹರಾಜಾಯಿತು. ನೆನಪಿಗೆ ಸಿಗುವಷ್ಟು ಬಡ್ಡಿ ಯಾವ ಎಫ್‌ಡಿಗೂ ಸಿಗುವುದಿಲ್ಲ ಬಿಡಿ. ಆದರೆ ನೆನಪಿನ ಪಾಸ್‌ಬುಕ್ಕಿನಲ್ಲಿ ಜಮೆ ಮಾತ್ರ ಇರುತ್ತದೆ, ಖರ್ಚಿನ ಕಾಲಂ ಖಾಲಿ. ನನ್ನ ತಕರಾರು ಇರುವುದು ಅಲ್ಲಿಯೇ.

ಇದನ್ನು ಹೇಳುವ ಹಕ್ಕು ನನಗೆ ಹೇಗೆ ಬಂತು ಎಂದರೆ, ಈವರೆಗೆ ಮನೆಯಲ್ಲೂ ಸರಿಯಾಗಿ ಹೇಳದ ಒಂದು ವಿಷಯ ಹೇಳಬೇಕು. 1999ರಲ್ಲಿ ನಾನು ಠಾಣೆಯ ಒಂದು ಶಾಖೆಯಲ್ಲಿ ಸಾಲದ ಮೇಜಿನಲ್ಲಿದ್ದೆ. 22 ವರ್ಷದ ಹುಡುಗ, ಹೊಸ ನೌಕರಿ, ಆ ಕಾಲಕ್ಕೆ ಜೋರಾದ ಬೈಕಿಗೆ ಸಾಲ ಕೇಳಿ ಬಂದ. ಸಂಬಳದ ಚೀಟಿ ಸರಿ, ಜಾಮೀನು ಸರಿ. ಸಹಿ ಹಾಕಿದೆ. ಪೇಢೆ ತಂದುಕೊಟ್ಟು ಹೋದ. ನಾಲ್ಕನೇ ತಿಂಗಳು ಅವನ ತಂದೆ ಬಂದು ನನ್ನೆದುರು ಕುಳಿತರು. ಹುಡುಗ ಘೋಡ್‌ಬಂದರ್ ರಸ್ತೆಯಲ್ಲಿ ಹೋಗಿಬಿಟ್ಟಿದ್ದ. ಅವರು ಅಳಲಿಲ್ಲ, ಜಗಳ ಮಾಡಲಿಲ್ಲ. ಪಾಸ್‌ಬುಕ್ ಮುಂದಿಟ್ಟು, "ಸಾಹೇಬ್, ಇನ್ನೆಷ್ಟು ಕಂತು ಬಾಕಿ ಇದೆ?" ಎಂದು ಕೇಳಿದರು ಅಷ್ಟೆ.

ಆ ವರ್ಷದ ಆಡಿಟ್‌ನಲ್ಲಿ ಆ ಫೈಲಿನಲ್ಲಿ ಒಂದು ತಪ್ಪೂ ಸಿಗಲಿಲ್ಲ. ನನ್ನ ತಪ್ಪು ಇತ್ತೆಂದು ಈಗಲೂ ಹೇಳಲಾರೆ. ಆದರೆ ಆ ಹುಡುಗನಿಗೆ ನಾನು ಬಡ್ಡಿದರ ವಿವರಿಸಿದ್ದೆ, ಅವಧಿ ವಿವರಿಸಿದ್ದೆ. "ಹೆಲ್ಮೆಟ್ ತೆಗೆದುಕೊಂಡೆಯಾ ಮಗಾ?" ಎಂದು ಮಾತ್ರ ಕೇಳಿರಲಿಲ್ಲ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ, ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ದ್ವಿಚಕ್ರ ವಾಹನದವರು. ನಮ್ಮಲ್ಲಿ ಥರ್ಡ್ ಪಾರ್ಟಿ ಪ್ರೀಮಿಯಂ ಎಂಜಿನ್ನಿನ ಸಿಸಿ ನೋಡುತ್ತದೆ, ಓಡಿಸುವವನ ವಯಸ್ಸನ್ನು ನೋಡುವುದಿಲ್ಲ. ಅಲ್ಲಿಯ ಹಾಗೆ ನಮ್ಮಲ್ಲಿ ರಸೀದಿ ಬುದ್ಧಿ ಹೇಳುವುದಿಲ್ಲ. ಹಾಗಾಗಿ ಆ ಕೆಲಸ ಇನ್ನೂ ಅಪ್ಪ ಅಮ್ಮಂದಿರದ್ದೇ, ಸಾಲದ ಮೇಜಿನ ಹಿಂದೆ ಕುಳಿತವರದ್ದೂ ಸಹ.

ಹಾಗಂತ ಮಗನಿಗೆ ಬೇಡ ಎನ್ನಲೇ? ಐದು ನಿಮಿಷ ಜಿಟಿಓ ಓಡಿಸಿ ಅರ್ಧ ದಿನ ನಗುತ್ತಿದ್ದವನು ನಾನು, ಯಾವ ಬಾಯಲ್ಲಿ ಹೇಳಲಿ? ಆ ಸುಖ ಸುಳ್ಳಲ್ಲ. ಅಜ್ಜ ಕೂಡ 1998ರಲ್ಲಿ, ಐವತ್ತು ದಾಟಿದ ಮೇಲೆ ಹುಡುಕಿ ಹುಡುಕಿ ಅದೇ ಮಾದರಿಯ ಕಾರು ಕೊಂಡರು. ಆದರೆ ಗೆಳೆಯನ ಊರಿನ ಸ್ಮಶಾನದ ಹತ್ತಿರ ಬಂದಾಗಲೆಲ್ಲ ನಿಧಾನ ಮಾಡುತ್ತಾರೆ. ನೆನಪು ಇಟ್ಟುಕೊಳ್ಳುವುದಾದರೆ ಹಾಗೆ ಇಟ್ಟುಕೊಳ್ಳಬೇಕು, ಜಮೆ ಖರ್ಚು ಎರಡೂ ಸೇರಿಸಿ.

ನಿನ್ನೆ ಮಗನಿಗೆ ಫೋನ್ ಮಾಡಿದೆ. "ಕಾಗದ ಕಳಿಸು, ನೋಡುತ್ತೇನೆ. ಒಂದೇ ಶರತ್ತು. ಬೈಕು ಬಂದ ದಿನ ಮೊದಲು ನನ್ನನ್ನು ಹಿಂದೆ ಕೂರಿಸಿಕೊಂಡು ಹೋಗಬೇಕು. ಹೆಲ್ಮೆಟ್ ಎರಡು ತಗೋ."

"ಅಪ್ಪಾ, ಈ ವಯಸ್ಸಿನಲ್ಲಿ ನಿಮಗೆ ಹೆದರಿಕೆ ಆಗಲ್ವಾ?" ಎಂದ.

ಆಗುತ್ತದೆ. ಅದು ಅವನಿಗೆ ಗೊತ್ತಾಗಲಿ ಎಂದೇ ಹಿಂದೆ ಕೂರುತ್ತಿದ್ದೇನೆ. ನೀವೇನಂತೀರಿ?