ಮುಂದಿನ ಕ್ಯಾಮೆರಾ ಜಾಣ ಇರಬೇಕೋ, ಗಟ್ಟಿ ಇರಬೇಕೋ?

ಬಹುತೇಕ ಕ್ಯಾಮೆರಾಗಳ ಕೈಪಿಡಿಯ ಕೊನೆಯ ಪುಟಗಳಲ್ಲಿ, ಯಾರೂ ಓದದ ಜಾಗದಲ್ಲಿ, ಒಂದು ಸಾಲು ಇರುತ್ತದೆ: ಬಳಕೆಯ ಉಷ್ಣಾಂಶ 0ರಿಂದ 40 ಡಿಗ್ರಿ ಸೆಲ್ಸಿಯಸ್. ಕುರಕುಂಟಾ, ಸೇಡಂ, ವಾಡಿ, ಶಹಾಬಾದ್ ಸೀಮೆಯಲ್ಲಿ ಏಪ್ರಿಲ್–ಮೇ ಬಂತೆಂದರೆ ಮಧ್ಯಾಹ್ನದ ಬಿಸಿಲು ಆ 40ರ ಗೆರೆ ದಾಟುವುದು ಸುದ್ದಿಯೇ ಅಲ್ಲ. ಮದುವೆಗಳ ಸುಗ್ಗಿಯೂ ಅದೇ ತಿಂಗಳುಗಳಲ್ಲಿ. ಶಾಮಿಯಾನದ ಕೆಳಗೆ ಅಕ್ಕಿಕಾಳು ಬೀಳುವ ಹೊತ್ತಿಗೆ, ಕಂಪನಿಯ ಲೆಕ್ಕದಲ್ಲಿ ವಿಶ್ರಾಂತಿ ಪಡೆಯಬೇಕಾದ ಕ್ಯಾಮೆರಾ, ಇಲ್ಲಿ ಇಡೀ ದಿನದ ಅತಿ ದೊಡ್ಡ ಕೆಲಸ ಮಾಡುತ್ತಿರುತ್ತದೆ.

ಮುಂದೆ ಬರುವ ಕ್ಯಾಮೆರಾದಲ್ಲಿ ಏನೇನಿರಬೇಕು ಎಂದು ಫೋಟೊಗ್ರಾಫರುಗಳನ್ನು ಕೇಳಿದರೆ ಎರಡು ಬಗೆಯ ಉತ್ತರ ಬರುತ್ತವೆ. ಒಂದು ಬಣ, ಕ್ಯಾಮೆರಾ ಇನ್ನಷ್ಟು ಜಾಣ ಆಗಲಿ, ಮೊಬೈಲಿನಂತೆ ತಾನೇ ಯೋಚಿಸಲಿ, ತಾನೇ ಕಳಿಸಲಿ ಎನ್ನುತ್ತದೆ. ಇನ್ನೊಂದು ಬಣಕ್ಕೆ ಜಾಣತನ ಈಗಾಗಲೇ ಅತಿಯಾಗಿದೆ. ಬಿಸಿಲು, ಧೂಳು ತಾಳುವ, ಹತ್ತು ವರ್ಷ ಬಾಳುವ, ಕೆಟ್ಟರೆ ರಿಪೇರಿಯಾಗುವ ಕ್ಯಾಮೆರಾ ಸಾಕು. ಎರಡರಲ್ಲೂ ಹುರುಳಿದೆ. ಎರಡನ್ನೂ ನಮ್ಮ ಸೀಮೆಯ ಕೆಲಸದ ಮೇಲಿಟ್ಟು ನೋಡಬೇಕು.

ಮೊದಲು ಜಾಣತನದ ಪರ. ಮದುವೆಮನೆಯಲ್ಲಿ ಯಾವ ಕ್ಷಣವೂ ಎರಡನೇ ಸಲ ಬರುವುದಿಲ್ಲ. ಸುರಗಿಯ ನೀರು ಎರೆಯುವಾಗ, ಬಾಸಿಂಗ ಕಟ್ಟುವಾಗ, ಮೆರವಣಿಗೆಯ ನೂಕುನುಗ್ಗಲಲ್ಲಿ ಕಣ್ಣಿನ ಮೇಲೆ ಫೋಕಸ್ ತಾನಾಗಿ ಕೂರುವುದು ಶೋಕಿಯ ಮಾತಲ್ಲ, ಹೊಟ್ಟೆಪಾಡು. ಹಿಂದೆ ಹತ್ತಾರು ವರ್ಷದ ಕೈಚಳಕ ಬೇಡುತ್ತಿದ್ದ ಈ ಕೆಲಸವನ್ನು ಇಂದು ಸಾಧಾರಣ ಬಾಡಿಯೂ ಮಾಡುತ್ತದೆ. 2022ರಲ್ಲಿ ಬಂದ ಫ್ಯೂಜಿಫಿಲ್ಮ್ ಎಕ್ಸ್-ಎಚ್2ಎಸ್ ಹಕ್ಕಿ, ಪ್ರಾಣಿ, ಕಾರು, ವಿಮಾನಗಳ ಜೊತೆಗೆ ರೈಲನ್ನೂ ಗುರುತಿಸಿ ಫೋಕಸ್ ಹಿಡಿಯುತ್ತದೆ. ವಾಡಿ ಜಂಕ್ಷನ್ನಿನಲ್ಲಿ ನಿಂತು ಇಂಜಿನ್‌ಗಳ ಚಿತ್ರ ತೆಗೆಯುವ ಹುಡುಗನಿಗೆ ಇದು ನೇರ ಪ್ರಯೋಜನ. ಚಿಂಚೋಳಿಯ ಕಾಡಿಗೆ ಹೋಗುವವರಿಗೂ ಅಷ್ಟೆ. 2011ರಲ್ಲಿ ವನ್ಯಧಾಮವಾದ, ಸುಮಾರು 135 ಚದರ ಕಿಲೊಮೀಟರಿನ ಆ ಒಣ ಕಾಡಿನಲ್ಲಿ ತೋಳ, ಕತ್ತೆಕಿರುಬದಂತಹ ಪ್ರಾಣಿಗಳು ಕಾಣಿಸುವುದೇ ಅಪರೂಪ, ಕಂಡರೂ ಮಬ್ಬು ಬೆಳಕಿನಲ್ಲಿ, ಅರೆಗಳಿಗೆ. ಸದ್ದಿಲ್ಲದ ಶಟರ್ ಮತ್ತು ಬಟನ್ ಒತ್ತುವ ಮೊದಲಿನ ಕ್ಷಣವನ್ನೂ ಹಿಡಿದಿಡುವ ಪ್ರಿ-ಕ್ಯಾಪ್ಚರ್ ಇಲ್ಲದೆ ಆ ಅರೆಗಳಿಗೆ ಸಿಗುವುದು ಅದೃಷ್ಟವಿದ್ದರೆ ಮಾತ್ರ.

ಬೆಳಕಿನ ವಿಷಯದಲ್ಲೂ ಜಾಣತನಕ್ಕೆ ಅಂಕ ಕೊಡಬೇಕು. ಈಗಿನ ವೇದಿಕೆಗಳ ಹಿಂದೆ ಎಲ್‌ಇಡಿ ಪರದೆ, ಮುಂದೆ ಎಲ್‌ಇಡಿ ದೀಪ. ಮಾಮೂಲಿ ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು ಸಾಲುಸಾಲಾಗಿ ಓದುವುದರಿಂದ ಮಿನುಗುವ ದೀಪದಡಿ ತೆಗೆದ ಚಿತ್ರದಲ್ಲಿ ಕಪ್ಪು ಪಟ್ಟೆ ಬೀಳುತ್ತವೆ. 2023ರ ನವೆಂಬರಿನಲ್ಲಿ ಸೋನಿ ಪ್ರಕಟಿಸಿದ ಎ9 ಮಾರ್ಕ್ 3, ಇಡೀ ಸೆನ್ಸರನ್ನು ಒಂದೇ ಏಟಿಗೆ ಓದುವ ಗ್ಲೋಬಲ್ ಶಟರ್ ಇರುವ ಮೊದಲ ಫುಲ್‌ಫ್ರೇಮ್ ಕ್ಯಾಮೆರಾ. ಪಟ್ಟೆ ಮಾಯ, ಓರೆಯಾಗಿ ಕಾಣುವ ಚಕ್ರಗಳೂ ಮಾಯ. ಸೆಕೆಂಡಿನ 80,000ನೇ ಒಂದು ಭಾಗದ ಶಟರ್ ವೇಗದಲ್ಲೂ ಫ್ಲ್ಯಾಷ್ ಹೊಡೆಯಬಹುದು. ನಮ್ಮ ಮಟಮಟ ಮಧ್ಯಾಹ್ನದಲ್ಲಿ, ಕಣ್ಣಿನ ಕೆಳಗೆ ಕಡುನೆರಳು ಬಿದ್ದ ಮದುಮಗಳ ಮುಖ ಬೆಳಗಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದರೆ ಇದೂ ಪುಕ್ಕಟೆ ಬಂದಿಲ್ಲ. ಆ ಸೆನ್ಸರಿನ ಮೂಲ ಐಎಸ್‌ಒ 250ರಿಂದ ಶುರು. ಕತ್ತಲಲ್ಲಿ ಕಾಳುಕಾಳು ಸ್ವಲ್ಪ ಹೆಚ್ಚು. ಅಮೆರಿಕದಲ್ಲಿ ಅದು ಬಿಡುಗಡೆಯಾದ ಬೆಲೆ 5,999 ಡಾಲರ್. ಸೇಡಂನ ಒಂದು ಸ್ಟುಡಿಯೊಗೆ ಆ ದುಡ್ಡಿನಲ್ಲಿ ಎರಡು ಬಾಡಿ, ಮೂರು ಲೆನ್ಸ್ ಬರುತ್ತವೆ.

ಜಾಣತನದ ಪರವಾಗಿ ಅತಿ ಬಲವಾದ ವಾದ ಮಾರುಕಟ್ಟೆಯದು. ಜಪಾನಿನ ತಯಾರಕರ ಸಂಘ ಸಿಪಾ ಲೆಕ್ಕದಂತೆ 2010ರಲ್ಲಿ ಜಗತ್ತಿಗೆ ರವಾನೆಯಾದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. 2023ರಲ್ಲಿ 80 ಲಕ್ಷವೂ ಇಲ್ಲ. ಉಳಿದದ್ದನ್ನು ಮೊಬೈಲ್ ನುಂಗಿತು. ಗಿರಾಕಿಯ ಕಣ್ಣೂ ಮೊಬೈಲಿಗೆ ಹೊಂದಿಕೊಂಡಿದೆ. ‘ಅಣ್ಣಾರ, ಫೋಟೊ ಈಗೇ ಕಳಸ್ರಿ, ಸ್ಟೇಟಸ್‌ಗ ಹಾಕೋದದ’ ಎಂದು ಊಟದ ಪಂಕ್ತಿಯಲ್ಲೇ ಕೇಳುವ ಬೀಗರಿಗೆ, ಕರಿಜ್ಮಾ ಆಲ್ಬಂ ತಿಂಗಳು ಬಿಟ್ಟು ಬರುತ್ತದೆ ಎಂದರೆ ಕಿವಿಗೆ ಹೋಗುವುದಿಲ್ಲ. ಕ್ಯಾಮೆರಾದಿಂದ ಫೋನಿಗೆ ಚಿತ್ರ ಸಾಗಿಸುವ ಆ್ಯಪ್‌ಗಳು ಇವೆ, ಆದರೆ ನಡುವೆ ಸಂಪರ್ಕ ಕಡಿದು ಬೀಳುವುದೇ ಹೆಚ್ಚು. ಒಳಗೇ ಸಿಮ್ ಇರಲಿ, ಒಳಗೇ ಮೆಮೊರಿ ಇರಲಿ ಎಂಬ ಹಂಬಲ ಸಹಜ. 2022ರ ಹ್ಯಾಸಲ್‌ಬ್ಲಾಡ್ ಎಕ್ಸ್2ಡಿಯಲ್ಲಿ 1 ಟೆರಾಬೈಟ್ ಒಳಮೆಮೊರಿ ಬಂದಿದೆ. ಆದ್ದರಿಂದ ಇದು ಆಗದ ಮಾತಲ್ಲ. ಬಡವರ ಕ್ಯಾಮೆರಾಕ್ಕೆ ಇನ್ನೂ ಇಳಿದಿಲ್ಲ, ಅಷ್ಟೆ.

ಇನ್ನು ಗಟ್ಟಿತನದ ಪರ. ಜಾಣತನ ಎಂದರೆ ಲೆಕ್ಕ. ಲೆಕ್ಕ ಎಂದರೆ ಬಿಸಿ. 2020ರಲ್ಲಿ ಕ್ಯಾನನ್ ಆರ್5 ಬಂದಾಗ 8ಕೆ ವಿಡಿಯೊ ಸುಮಾರು 20 ನಿಮಿಷಕ್ಕೇ ಕಾದು ನಿಲ್ಲುತ್ತಿತ್ತು. ಮುಂದೆ ಅದೇ ಕಂಪನಿ ಆರ್5 ಸಿ ಮಾದರಿಗೆ ಒಳಗೇ ಫ್ಯಾನ್ ಕೂರಿಸಿತು. ಕಂಪನಿಗಳಿಗೆ ಬಿಸಿ ತಾಳುವ ಕ್ಯಾಮೆರಾ ಮಾಡಲು ಬರುವುದಿಲ್ಲ ಎಂದೇನಿಲ್ಲ: ಕ್ಯಾನನ್ನಿನ 1ಡಿಎಕ್ಸ್ ಮಾರ್ಕ್ 3ರ ಮಿತಿ 45 ಡಿಗ್ರಿ. ಆದರೆ ಆ ಐದು ಡಿಗ್ರಿ ಸಿಗುವುದು ಅತಿ ದುಬಾರಿ ಮಾದರಿಯಲ್ಲಿ. ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಎದುರಾಳಿಯಾದ ಐಫೋನಿಗೆ ಆ್ಯಪಲ್ ಹೇಳುವ ಮಿತಿ 35 ಡಿಗ್ರಿ. ಹಾಗಾಗಿ ಬಿಸಿಲ ನಾಡಿನಲ್ಲಿ ಕ್ಯಾಮೆರಾಕ್ಕೆ ಮೊಬೈಲನ್ನು ಹಿಂದೆ ಹಾಕಲು ಒಂದು ಅವಕಾಶವಿದೆ. ಅದನ್ನು ಬಿಟ್ಟು 8ಕೆ ಹಿಂದೆ ಓಡುವುದು ಯಾರ ಲಾಭಕ್ಕೆ?

ಬಿಸಿಲಿನ ಬೆನ್ನಿಗೇ ಧೂಳು. ಈ ಸೀಮೆಯ ನೆಲದಡಿ ಇರುವುದೆಲ್ಲ ಸುಣ್ಣದ ಕಲ್ಲು. ಅದನ್ನೇ ಫರಸಿಯಾಗಿ ಕಡಿದು ಶಹಾಬಾದಿನ ಹೆಸರಿನಲ್ಲಿ ದೇಶಕ್ಕೆಲ್ಲ ಕಳಿಸಿದ್ದು, ಅದನ್ನೇ ಪುಡಿ ಮಾಡಿ ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟ್ ಮಾಡುವುದು. ಕುರಕುಂಟಾದ ಸರ್ಕಾರಿ ಸಿಮೆಂಟ್ ಕಾರ್ಖಾನೆ 1990ರ ದಶಕದ ಕೊನೆಗೇ ನಿಂತರೂ ಸುತ್ತಲಿನ ಗಾಳಿಯಲ್ಲಿ ಪುಡಿಗೆ ಬರವಿಲ್ಲ. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಲೆನ್ಸ್ ತೆಗೆದರೆ ಸೆನ್ಸರ್ ಬೆತ್ತಲೆ. 2018ರ ಕ್ಯಾನನ್ ಆರ್ ಸ್ವಿಚ್ ಆಫ್ ಮಾಡಿದಾಗ ಶಟರನ್ನೇ ಬಾಗಿಲಿನಂತೆ ಮುಚ್ಚಿತು. ನಿಕಾನ್ ಝಡ್9ರಲ್ಲಿ ಸೆನ್ಸರಿಗೆಂದೇ ಬೇರೆ ಮುಚ್ಚಳ ಬಂತು. ಇವು ಜಾಹೀರಾತಿನ ಮೊದಲ ಸಾಲಿನಲ್ಲಿ ಬರುವ ಸಂಗತಿಗಳಲ್ಲ. ಆದರೆ ಚಿತ್ತಾಪುರದ ರಸ್ತೆಬದಿಯಲ್ಲಿ ಲೆನ್ಸ್ ಬದಲಿಸುವವನಿಗೆ ಎಷ್ಟೋ ಮೆಗಾಪಿಕ್ಸೆಲ್‌ಗಳಿಗಿಂತ ಇವೇ ಮೇಲು.

ಗಟ್ಟಿತನದ ಬಣದ ಮೂರನೇ ದೂರು ಒಡೆತನದ್ದು. ದುಡ್ಡು ಕೊಟ್ಟು ಕೊಂಡ ಮೇಲೂ ಕ್ಯಾಮೆರಾ ಪೂರ್ತಿ ನಮ್ಮದಲ್ಲ. ನಮಗೆ ಬೇಕಾದ ಚೌಕಟ್ಟಿನ ಗೆರೆಗಳನ್ನು ಪರದೆ ಮೇಲೆ ಹಾಕಿಕೊಳ್ಳಲು ಸೋನಿ 2024ರಲ್ಲಿ ಅಮೆರಿಕದಲ್ಲಿ 149 ಡಾಲರ್‌ನ ಲೈಸೆನ್ಸ್ ಇಟ್ಟಿತು. ಬಹಳ ಕಾಲ ಕ್ಯಾಮೆರಾಗಳ ವಿಡಿಯೊ 29 ನಿಮಿಷ 59 ಸೆಕೆಂಡಿಗೆ ತಾನೇ ನಿಲ್ಲುತ್ತಿದ್ದುದಕ್ಕೆ ಯುರೋಪಿನ ಸುಂಕದ ನಿಯಮ ಮುಖ್ಯ ಕಾರಣ; ಅರ್ಧ ಗಂಟೆ ಮೀರಿದರೆ ಅದು ವಿಡಿಯೊ ಕ್ಯಾಮೆರಾ ಎಂದು ಆಗ ಹೆಚ್ಚು ತೆರಿಗೆ ಬೀಳುತ್ತಿತ್ತು. ಎಲ್ಲೋ ಬರೆದ ಆ ನಿಯಮದಿಂದ ಇಲ್ಲಿನ ಮಂಗಳಾಷ್ಟಕದ ವಿಡಿಯೊ ನಡುವೆ ತುಂಡಾಗುತ್ತಿತ್ತು. ರಿಪೇರಿಯ ಪಾಡೂ ಹೀಗೇ. ದೊಡ್ಡ ಕೆಲಸವಿದ್ದರೆ ಹೈದರಾಬಾದಿನ ರೈಲು ಹತ್ತಬೇಕು. ನಿಜಾಮರ ಆಡಳಿತದಲ್ಲಿ, ಆರನೇ ನಿಜಾಮರ ಆಸ್ಥಾನದ ಛಾಯಾಗ್ರಾಹಕ ರಾಜಾ ದೀನದಯಾಳ್ ಅವರ ಕಾಲದಲ್ಲೂ ಈ ಸೀಮೆಗೆ ಫೋಟೊ ಎಂದರೆ ಆ ದಿಕ್ಕೇ ಆಗಿತ್ತು. 1874ರಲ್ಲಿ ಶುರುವಾದ ವಾಡಿ–ಸಿಕಂದರಾಬಾದ್ ದಾರಿ ಈಗಲೂ ಅದೇ. ಹೊಸ ಮಾದರಿ ಎರಡು ವರ್ಷಕ್ಕೊಮ್ಮೆ ಬರುವಾಗ ಹಳೆಯದರ ಬಿಡಿಭಾಗ ಹತ್ತು ವರ್ಷ ಸಿಗಲಿ ಎಂದು ಕೇಳುವುದು ದುರಾಸೆಯೇನಲ್ಲ.

ಈ ಬಣದ ವಾದದಲ್ಲೂ ತೂತುಗಳಿವೆ. ‘ಹಳೆಯ ಕ್ಯಾಮೆರಾ ಗಟ್ಟಿ’ ಎಂಬುದರಲ್ಲಿ ನೆನಪಿನ ಸಿಹಿಯೂ ಸೇರಿದೆ. ಫಿಲ್ಮ್ ರೋಲು ಬಿಸಿಲಿಗೆ ಕಂದುತ್ತಿತ್ತು, ತೊಳೆಯುವಾಗ ಕೆಟ್ಟರೆ ಇಡೀ ಮದುವೆ ಹೋದಂತೆ. ಕಡಿಮೆ ಸೌಲಭ್ಯವಿದ್ದರೆ ಬೆಲೆ ಇಳಿಯುತ್ತದೆ ಎಂಬ ಖಾತ್ರಿಯೂ ಇಲ್ಲ. ನಿಕಾನ್ 2013ರಲ್ಲಿ ವಿಡಿಯೊ ಕೈಬಿಟ್ಟು ತಂದ ಡಿಎಫ್ ಅಗ್ಗವೇನೂ ಇರಲಿಲ್ಲ. ಸಾವಿರಾರು ಜನ ಕೊಳ್ಳುವ ಸರಳ ಯಂತ್ರಕ್ಕಿಂತ ಲಕ್ಷಾಂತರ ಜನ ಕೊಳ್ಳುವ ತೊಡಕಿನ ಯಂತ್ರವೇ ಅಗ್ಗ ಬೀಳುವುದುಂಟು.

ಎರಡೂ ಬಣ ನಿಜವಾಗಿ ಎದುರುಬದುರಾಗುವುದು ಒಂದೇ ಕಡೆ: ಬಟನ್ ಒತ್ತಿದ ಮೇಲೆ ಯಂತ್ರ ಏನು ಮಾಡಬಹುದು ಎಂಬಲ್ಲಿ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ ಕನಗನಹಳ್ಳಿಯ ಸ್ತೂಪದಲ್ಲಿ ಸಿಕ್ಕ ಸುಣ್ಣದ ಕಲ್ಲಿನ ಫಲಕಗಳನ್ನೇ ನೋಡಿ. ಅಲ್ಲೊಂದರ ಮೇಲೆ ‘ರಾಯೊ ಅಸೋಕೊ’ ಎಂಬ ಬ್ರಾಹ್ಮಿ ಬರಹವಿದೆ. ಅಶೋಕನ ಹೆಸರು ಅವನ ಚಿತ್ರದ ಜೊತೆಗೇ ಸಿಕ್ಕಿದ್ದರಿಂದ ಅದು ಜಗತ್ಪ್ರಸಿದ್ಧ. ಎಷ್ಟೋ ಫಲಕಗಳು ಒಡೆದಿವೆ, ಅಕ್ಷರ ಸವೆದಿವೆ. ಅವುಗಳ ಚಿತ್ರ ತೆಗೆಯುವಾಗ ಕ್ಯಾಮೆರಾ ‘ಸುಧಾರಿಸಿ’ ಇಲ್ಲದ ಮೂಗು ಮೂಡಿಸಿದರೆ, ಸವೆದ ಅಕ್ಷರ ತಿದ್ದಿದರೆ ಅದು ಇತಿಹಾಸಕ್ಕೆ ಮಾಡಿದ ದ್ರೋಹ. ಇದು ಬರೀ ಭಯವಲ್ಲ. 2023ರಲ್ಲಿ ಸ್ಯಾಮ್‌ಸಂಗ್ ಫೋನೊಂದು, ಬೇಕೆಂದೇ ಮಸುಕು ಮಾಡಿದ ಚಂದ್ರನ ಚಿತ್ರಕ್ಕೂ ಕುಳಿಗಳ ವಿವರ ತುಂಬಿಕೊಟ್ಟದ್ದು ದೊಡ್ಡ ಚರ್ಚೆಯಾಗಿತ್ತು.

ಹಾಗೆಂದು ಇಂಥ ಜಾಣತನವನ್ನೆಲ್ಲ ತಳ್ಳಿಹಾಕಲಾಗದು. ಮುಖದ ಬಣ್ಣದ ಕಥೆ ಅದಕ್ಕೆ ಸಾಕ್ಷಿ. ಕೊಡಾಕ್ ಕಾಲದಲ್ಲಿ ಬಣ್ಣ ಹೊಂದಿಸಲು ಬಳಸುತ್ತಿದ್ದ ‘ಶರ್ಲಿ’ ಕಾರ್ಡಿನಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿ ಹೆಂಗಸಿನ ಚಿತ್ರ. ಕಪ್ಪು ಮೈಬಣ್ಣ ಆ ಅಳತೆಗೆ ಕೂರುತ್ತಿರಲಿಲ್ಲ. 2021ರಲ್ಲಿ ಗೂಗಲ್ ಪಿಕ್ಸೆಲ್ 6ರಲ್ಲಿ ತಂದ ರಿಯಲ್ ಟೋನ್ ಅದನ್ನು ತಿದ್ದಲು ಹೊರಟಿತು. ನಮ್ಮ ಜನರ ಮೈಬಣ್ಣ ಇದ್ದದ್ದು ಇದ್ದ ಹಾಗೆ ಬರಲಿ ಎಂಬ ಆಸೆಗೂ ಇಂಥ ಲೆಕ್ಕವೇ ಬೇಕು. ಆದರೆ ಅದೇ ಯಂತ್ರಕ್ಕೆ ಮುಖ ಬೆಳ್ಳಗೆ ಮಾಡುವುದೂ ಗೊತ್ತು, ಮನೆಯವರು ಕೇಳುವುದೂ ಬಹಳ ಸಲ ಅದನ್ನೇ. ಇಲ್ಲಿ ತಪ್ಪನ್ನು ಕ್ಯಾಮೆರಾದ ತಲೆಗೆ ಮಾತ್ರ ಕಟ್ಟಲಾಗದು.

ಸುದ್ದಿಚಿತ್ರದ ಮಟ್ಟಿಗೆ ಕ್ಯಾಮೆರಾಕ್ಕೆ ಹೊಸ ಕೆಲಸವೊಂದು ಸೇರಿದೆ: ಸಾಕ್ಷಿ ಹೇಳುವುದು. ಕಾಗಿಣಾ ನದಿ ಉಕ್ಕಿ ಮಳಖೇಡದ ಸೇತುವೆ ಮುಳುಗಿದಾಗ ಹರಿದಾಡುವ ಚಿತ್ರ ಈ ವರ್ಷದ್ದೋ, ಹಳೆಯದೋ, ಹುಟ್ಟಿಸಿದ್ದೋ? 2023ರ ಅಕ್ಟೋಬರಿನಲ್ಲಿ ಲೈಕಾ ಎಂ11-ಪಿ ಚಿತ್ರದೊಳಗೇ ಡಿಜಿಟಲ್ ಸಹಿ ಹಾಕುವ ವ್ಯವಸ್ಥೆಯೊಂದಿಗೆ ಬಂತು. ಆದರೆ ನಿಕಾನ್ ಝಡ್6 ಮಾರ್ಕ್ 3ರಲ್ಲಿ ಇಂಥದೇ ವ್ಯವಸ್ಥೆ ತಂದ ಕಂಪನಿ, ಅದರಲ್ಲಿ ದೋಷ ಸಿಕ್ಕಿದ್ದರಿಂದ 2025ರ ಸೆಪ್ಟೆಂಬರಿನಲ್ಲಿ ಕೊಟ್ಟ ಪ್ರಮಾಣಪತ್ರಗಳನ್ನೇ ರದ್ದು ಮಾಡಬೇಕಾಯಿತು. ಜಾಗ ನಮೂದಿಸುವ ಜಿಪಿಎಸ್‌ಗೂ ಎರಡು ಮುಖ: ನೆರೆಯ ಚಿತ್ರಕ್ಕೆ ಅದು ಸಾಕ್ಷಿ, ಚಿಂಚೋಳಿಯ ಗೂಡಿನ ಚಿತ್ರಕ್ಕೆ ಬೇಟೆಗಾರನಿಗೆ ಕೊಟ್ಟ ವಿಳಾಸ.

ಭಾಷೆಯದೂ ಒಂದು ಸಣ್ಣ ಬೇಡಿಕೆ ಉಳಿದಿದೆ. 2013ರ ನಿಕಾನ್ ಡಿ5300ರ ಮೆನುವಿನಲ್ಲಿ ಹಿಂದಿ, ಬಂಗಾಳಿ, ಮರಾಠಿ, ತಮಿಳು, ತೆಲುಗು ಇದ್ದವು, ಕನ್ನಡ ಇರಲಿಲ್ಲ. ಐಎಸ್‌ಒ, ಅಪರ್ಚರ್ ಎಂದೇ ಕಲಿತವರಿಗೆ ಕನ್ನಡದ ಮೆನು ಗೊಂದಲ ಎನ್ನುವವರಿದ್ದಾರೆ, ಅದೂ ಸರಿ. ಆದರೆ ಹೊಸದಾಗಿ ಕಲಿಯುವ ಹುಡುಗ–ಹುಡುಗಿಯರಿಗೆ ನೂರಾರು ಆಯ್ಕೆಗಳ ವಿವರಣೆ ಕನ್ನಡದಲ್ಲಿ ಸಿಕ್ಕರೆ ಜಾಣತನದ ಅರ್ಧ ದುಂದು ತಪ್ಪುತ್ತದೆ.

ತೂಗಿ ನೋಡಿದರೆ ಹೀಗೆ ಕಾಣುತ್ತದೆ. ಕ್ಷಣ ಕೈತಪ್ಪದಂತೆ ನೋಡಿಕೊಳ್ಳುವ ಜಾಣತನ, ಅಂದರೆ ಫೋಕಸ್, ಪಟ್ಟೆಯಿಲ್ಲದ ಶಟರ್, ಎರಡನೇ ಕಾರ್ಡಿನಲ್ಲಿ ಉಳಿಯುವ ಪ್ರತಿ, ಇದಕ್ಕೆ ದುಡ್ಡು ಕೊಡಬಹುದು. ಕ್ಷಣವನ್ನೇ ಬದಲಿಸುವ ಜಾಣತನಕ್ಕೆ ಸ್ವಿಚ್ ಇರಲಿ, ಬಳಸಿದರೆ ಚಿತ್ರದ ಮೇಲೆ ಗುರುತೂ ಇರಲಿ. ಎರಡಕ್ಕೂ ಮೊದಲು ಬಿಸಿಲು, ಧೂಳು, ಬಿಡಿಭಾಗ. ಈ ಮೂರರಲ್ಲಿ ಸೋತ ಕ್ಯಾಮೆರಾದ ಜಾಣತನ ಬೇಸಗೆಯ ಮದುವೆಯಲ್ಲಿ ಚೀಲದೊಳಗೇ ಉಳಿಯುತ್ತದೆ.

ಕಂಪನಿಗಳು ಇದನ್ನೆಲ್ಲ ಕೇಳಿಸಿಕೊಳ್ಳುತ್ತವೆಯೇ? ಒಂದು ಉದಾಹರಣೆ ಇದೆ. 2018ರಲ್ಲಿ ನಿಕಾನ್ ಝಡ್6, ಝಡ್7 ಮತ್ತು ಕ್ಯಾನನ್ ಆರ್ ಒಂದೇ ಕಾರ್ಡಿನ ಜಾಗದೊಂದಿಗೆ ಬಂದಾಗ, ಕಾರ್ಡು ಕೆಟ್ಟರೆ ಮದುವೆಯೇ ಹೋಗುತ್ತದಲ್ಲ ಎಂದು ಮದುವೆ ಫೋಟೊಗ್ರಾಫರುಗಳು ಜಗತ್ತಿನಾದ್ಯಂತ ಬೈದರು. 2020ಕ್ಕೆ ಝಡ್6 ಮಾರ್ಕ್ 2ರಲ್ಲೂ ಕ್ಯಾನನ್ ಆರ್6ರಲ್ಲೂ ಎರಡು ಜಾಗ ಬಂದವು. ಪ್ರತಿ ಆಗಸ್ಟ್ 19ಕ್ಕೆ ವಿಶ್ವ ಛಾಯಾಗ್ರಹಣ ದಿನ ಆಚರಿಸುವ ನಮ್ಮ ತಾಲ್ಲೂಕು, ಜಿಲ್ಲಾ ಸಂಘಗಳು ಸನ್ಮಾನ, ಹಾರ–ತುರಾಯಿಗಳ ಜೊತೆಗೆ ಇನ್ನೊಂದು ಕೆಲಸ ಮಾಡಬಹುದು: ಈ ಸೀಮೆಗೆ ಬೇಕಾದ್ದರ ಪಟ್ಟಿ ಬರೆದು, ಬೆಂಗಳೂರು–ಹೈದರಾಬಾದಿನ ಮೇಳಗಳಲ್ಲಿ ಹೊಸ ಮಾದರಿ ತೋರಿಸುವ ಕಂಪನಿಯವರ ಮೇಜಿನ ಮೇಲಿಡುವುದು. ಕೊಳ್ಳುವವರು ಬಾಯಿ ಬಿಡದಿದ್ದರೆ ಮಾರುವವರು ತಮಗೆ ತೋಚಿದ್ದನ್ನೇ ಮಾಡುತ್ತಾರೆ.